ಕೀಮೋ ಪೋರ್ಟ್ ಹಾಕಿದ್ಮೇಲೆ ಕುತ್ತಿಗೆ ನೋವು, ಇದು ಮಾಮೂಲಾ?

ನೀಲಿಛತ್ರಿ:
ಅಮ್ಮನಿಗೆ ಮೊನ್ನೆ ಬಲಗಡೆ ಎದೆಮೇಲೆ ಪೋರ್ಟ್ (ಕೀಮೋ ಔಷಧಿ ರಕ್ತನಾಳಕ್ಕೆ ಕೊಡೋಕೆ ಚರ್ಮದ ಕೆಳಗೆ ಇಡೋ ಚಿಕ್ಕ ಸಾಧನ) ಹಾಕಿದ್ರು. ಸಣ್ಣ ಪ್ರೊಸೀಜರ್ ಅಂದಿದ್ರು, ಅದೇ ದಿನ ಮನೆಗೂ ಕಳಿಸಿದ್ರು, ಆದ್ರೆ ಈಗ ಗಾಯಕ್ಕಿಂತ ಕುತ್ತಿಗೆನೇ ಜಾಸ್ತಿ ನೋವು ಅಂತಾರೆ, ಸುತ್ತ ನೀಲಿಗಟ್ಟಿದೆ, ಪೋರ್ಟ್ ಜಾರಿಬಿಡತ್ತೆ ಅಂತ ಹೆದರಿ ಕೈ ಎದೆಗೆ ಅವುಚ್ಕೊಂಡೇ ಕೂತಿರ್ತಾರೆ. ಮುಂದಿನ ವಾರ ಮೊದಲ ಕೀಮೋ. ಅಷ್ಟರೊಳಗೆ ವಾಸಿ ಆಗತ್ತಾ, ಇಲ್ಲಾಂದ್ರೆ ಡೇಟ್ ಮುಂದಕ್ಕೆ ಹೋಗತ್ತಾ?

ಹಳೇಪೇಷಂಟ್:
ನಂಗೂ ಹಂಗೇ ಆಗಿತ್ತು. ಪೋರ್ಟ್ ಎದೆಮೇಲಿದ್ರೂ ಅದರ ಟ್ಯೂಬನ್ನ ಚರ್ಮದ ಒಳಗಿಂದಾನೇ ಕಾಲರ್ ಬೋನ್ ದಾಟಿಸಿ ಕುತ್ತಿಗೆ ಹತ್ರ ರಕ್ತನಾಳಕ್ಕೆ ಸೇರಿಸ್ತಾರೆ, ಸಾಮಾನ್ಯವಾಗಿ ಅಲ್ಲೂ ಒಂದು ಚಿಕ್ಕ ಗಾಯ ಇರತ್ತೆ, ನೋಡಿ. ಅದಕ್ಕೇ ಕುತ್ತಿಗೆ ಹಿಡ್ಕೊಳ್ಳೋದು. ದಿನ ಕಳೆದ ಹಾಗೆ ಕಮ್ಮಿ ಆಗ್ತಾ ಬಂತು, ನೀಲಿ ಹಳದಿಯಾಗಿ ಹೋಯ್ತು. ರಾತ್ರಿ ದಿಂಬು ಎತ್ತರ ಮಾಡ್ಕೊಂಡು ಅಂಗಾತ ಮಲಗಿದ್ರೆ ಆರಾಮ. ಕಾರಲ್ಲಿ ಹೋಗೋವಾಗ ಸೀಟ್ ಬೆಲ್ಟ್ ಉಜ್ಜತ್ತೆ, ಮೆತ್ತನೆ ಬಟ್ಟೆ ಮಡಚಿ ನಡುವೆ ಇಡಿ.

ಶಾಂತಿ_ಮನೆ:
ಗಾಯ ಪೂರ್ತಿ ಮಾಗೋವರೆಗೂ ಆ ಕೈ ಅಲ್ಲಾಡಿಸ್ಲೇಬಾರ್ದು ಅಂತ ಕೇಳಿದೀನಿ, ಹುಷಾರು.

ವಾರ್ಡ್_ಅಕ್ಕ:
ಇಲ್ಲ ಇಲ್ಲ, ಹಂಗೆ ಮಾಡಿದ್ರೆ ಭುಜಾನೇ ಬಿಗಿದುಕೊಳ್ಳತ್ತೆ, ಆಮೇಲೆ ಅದೊಂದು ಬೇರೆ ತಲೆನೋವು. ಭಾರ ಎತ್ತೋದು, ಜೋರಾಗಿ ಎಳೆಯೋದು ಬೇಡ, ಎಷ್ಟು ದಿನ ಅಂತ ಹಾಕಿದ ಡಾಕ್ಟರೇ ಹೇಳ್ತಾರೆ. ತಲೆ ಬಾಚೋದು, ಬಟ್ಟೆ ಹಾಕೋದು ಇಂಥದ್ದೆಲ್ಲ ನಿಧಾನವಾಗಿ ಮಾಡ್ಲಿ. ಡ್ರೆಸಿಂಗ್ ಒದ್ದೆ ಮಾಡ್ಬೇಡಿ.
ಡೇಟ್ ಬಗ್ಗೆ ಯೋಚ್ನೆ ಬೇಡ, ಬೇಕಾದ್ರೆ ಹಾಕಿದ ದಿನಾನೇ ಪೋರ್ಟ್ ಬಳಸ್ತಾರೆ, ಸ್ವಲ್ಪ ನೋವಿದೆ ಅಂತ ಕೀಮೋ ನಿಲ್ಸಲ್ಲ. ನಿಲ್ಸೋದು ಇನ್ಫೆಕ್ಷನ್ ಆದ್ರೆ. ಕೆಂಪು ಹರಡ್ತಾ ಹೋದ್ರೆ, ಕೀವು ಬಂದ್ರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟಲ್ಲಿ 100.4) ಮುಟ್ಟಿದ್ರೆ ಅವತ್ತೇ ಫೋನ್ ಮಾಡಿ. ಆ ಕಡೆ ಕೈ, ಕುತ್ತಿಗೆ, ಮುಖ ಊದಿಕೊಂಡ್ರೂ ಅಷ್ಟೇ, ರಕ್ತ ಹೆಪ್ಪುಗಟ್ಟಿರಬಹುದು. ಉಸಿರಾಡೋಕೆ ಕಷ್ಟ ಆದ್ರೆ, ಎದೆನೋವು ಬಂದ್ರೆ ಫೋನ್ ಮಾಡ್ಕೊಂಡು ಕೂರ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ನೀಲಿಛತ್ರಿ:
ತುಂಬಾ ಥ್ಯಾಂಕ್ಸ್ ಅಕ್ಕ. ಜ್ವರ ಇಲ್ಲ, ಊತಾನೂ ಇಲ್ಲ. ನೋವಿಗೆ ಪ್ಯಾರಸಿಟಮಾಲ್ ಕೊಟ್ಟಿದ್ದಾರೆ, ಕೀಮೋ ಶುರುವಾದ್ಮೇಲೂ ನೋವಿದ್ರೆ ಅದನ್ನೇ ಕೊಡಬಹುದಾ?

ವಾರ್ಡ್_ಅಕ್ಕ:
ಡಾಕ್ಟರ್ ಹೂಂ ಅಂದ್ರೆ ಕೊಡಿ, ಆದ್ರೆ ಪ್ರತಿ ಸಲ ಮೊದಲು ಥರ್ಮಾಮೀಟರ್ ಇಟ್ಟು ನೋಡಿ ಆಮೇಲೆ ಮಾತ್ರೆ, ಯಾಕಂದ್ರೆ ಪ್ಯಾರಸಿಟಮಾಲ್ ಜ್ವರಾನ ಮುಚ್ಚಿಹಾಕತ್ತೆ, ಕೀಮೋಲಿ ಬಿಳಿ ರಕ್ತಕಣ ಇಳಿದಿರೋವಾಗ ಜ್ವರ ಗೊತ್ತಾಗದೇ ಹೋದ್ರೆ ಅಪಾಯ. ಬ್ರೂಫೆನ್, ಆಸ್ಪಿರಿನ್ ಥರದ್ದು ಕೇಳದೆ ಕೊಡ್ಲೇಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು.

ಹಳೇಪೇಷಂಟ್:
ಇನ್ನೊಂದು, ಕೀಮೋ ದಿನ ಮುಂದೆ ಬಟನ್ ಇರೋ ಬಟ್ಟೆ ಹಾಕಿ ಕರ್ಕೊಂಡು ಹೋಗಿ. ಸೂಜಿ ಚುಚ್ಚೋ ಜಾಗಕ್ಕೆ ಮರಗಟ್ಟಿಸೋ ಕ್ರೀಮ್ ಸಿಗತ್ತೆ, ಅದನ್ನ ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಆದ್ರೆ ಗಾಯ ಹಸಿ ಇರೋವಾಗ ಹಚ್ಬೇಡಿ, ಮೊದಲನೇ ಸಲಕ್ಕೆ ಹಚ್ಚಬಹುದಾ ಅಂತ ಮುಂಚೆನೇ ಕೇಳ್ಕೊಳ್ಳಿ.