ಮಳೆಗಾಲದ ಮಬ್ಬಿನಲ್ಲಿ ಹಲ್ಲಿನ ಶೇಡ್ ನೋಡುವುದು ಹೇಗೆ?

ಪ್ರಶ್ನೆ (ಅಂತಿಮ ವರ್ಷದ ವಿದ್ಯಾರ್ಥಿನಿ, ಶಿವಮೊಗ್ಗ)

ಹೊಸನಗರದ ಕಡೆಯ ಹುಡುಗನೊಬ್ಬ ಬೈಕಿನಿಂದ ಬಿದ್ದು ಮೇಲಿನ ಬಾಚಿಹಲ್ಲಿನ ಮೂಲೆ ಮುರಿದುಕೊಂಡಿದ್ದಾನೆ. ಹಲ್ಲಿನ ಬಣ್ಣದ ರೆಸಿನ್ ಆದ ಕಾಂಪೋಸಿಟ್‌ನಲ್ಲಿ ಕಟ್ಟಿಕೊಡಬೇಕು. ವೀಟಾ ಶೇಡ್ ಗೈಡ್ (ಎ2, ಬಿ2 ಎಂದೆಲ್ಲ ಹೆಸರಿಟ್ಟ ಹಲ್ಲಿನ ಬಣ್ಣದ ಮಾದರಿಗಳು) ಹಿಡಿದರೆ ಕಿಟಕಿಯ ಬಳಿ ಎ2 ಎನಿಸುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಬಿ2, ಕುರ್ಚಿಯ ದೀಪ ಹಾಕಿದರೆ ಎ1. ಹೊರಗೆ ಆಷಾಢದ ಮಳೆ, ಮಧ್ಯಾಹ್ನ ಮೂರಕ್ಕೇ ಕತ್ತಲು. ಯಾವ ಬೆಳಕನ್ನು ನಂಬಲಿ?

ಉತ್ತರ 1 (ಹಲ್ಲು ತುಂಬಿ ಉಳಿಸುವ ಕನ್ಸರ್ವೇಟಿವ್ ವಿಭಾಗದ ಶಿಕ್ಷಕಿ)

ಬೆಳಕಿಗಿಂತ ಮೊದಲು ಹೊತ್ತು ನೋಡಿ. ಹುಡುಗ ಕುರ್ಚಿಯಲ್ಲಿ ಕುಳಿತ ಕೂಡಲೇ, ಹಲ್ಲು ಇನ್ನೂ ಎಂಜಲಿನಿಂದ ಒದ್ದೆಯಾಗಿರುವಾಗಲೇ ಶೇಡ್ ಬರೆದುಕೊಳ್ಳಿ. ರಬ್ಬರ್ ಡ್ಯಾಮ್ (ಹಲ್ಲಿಗೆ ಎಂಜಲು ತಾಗದಂತೆ ಹಾಕುವ ರಬ್ಬರ್ ಹಾಳೆ) ಹಾಕಿ ಗಾಳಿ ಊದಿದಿರೋ, ಹಲ್ಲಿನ ಹೊರಪದರವಾದ ಎನಾಮೆಲ್‌ನ ಸೂಕ್ಷ್ಮ ರಂಧ್ರಗಳಲ್ಲಿನ ನೀರು ಹೋಗಿ ಗಾಳಿ ಸೇರುತ್ತದೆ, ಹಲ್ಲು ಬೆಳ್ಳಗೆ ಕಾಣುತ್ತದೆ. ಆ ಬಿಳುಪಿಗೆ ಹೊಂದಿಸಿದರೆ, ಹಲ್ಲು ಮತ್ತೆ ನೀರು ಹೀರಿಕೊಂಡ ಮೇಲೆ ನೀವು ಕಟ್ಟಿದ ಮೂಲೆ ಮಾತ್ರ ಸುಣ್ಣ ಬಳಿದಂತೆ ಎದ್ದು ಕಾಣುತ್ತದೆ. ಹಲ್ಲು ತನ್ನ ಬಣ್ಣಕ್ಕೆ ಪೂರ್ತಿ ಮರಳಲು ಒಂದು ದಿನವೇ ಹಿಡಿಯಬಹುದು. ವಿದ್ಯಾರ್ಥಿಗಳಿಗೆ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ.

ಇನ್ನು ಬೆಳಕು. ಕುರ್ಚಿಯ ದೀಪ ಆರಿಸಿ. ಅದರ ಪ್ರಖರತೆಯಲ್ಲಿ ಸೂಕ್ಷ್ಮ ವ್ಯತ್ಯಾಸಗಳು ಅಳಿಸಿಹೋಗುತ್ತವೆ. ನಮ್ಮ ಕಡೆ ಕಿಟಕಿಯಾಚೆ ತೋಟವೋ ಮರವೋ ಇದ್ದೇ ಇರುತ್ತದೆ, ಅದರ ಹಸಿರು ಹಲ್ಲಿನ ಮೇಲೂ ಬೀಳುತ್ತದೆ. ಮೋಡದ ದಿನ ಹಗಲ ಬೆಳಕಿನಂಥ, 5500ರಿಂದ 6500 ಕೆಲ್ವಿನ್‌ನ, ಬಣ್ಣಗಳನ್ನು ನಿಜವಾಗಿ ತೋರಿಸುವ ಎಲ್ಇಡಿ ದೀಪವೇ ಮೇಲು. ಐದಾರು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಬೇಡಿ. ನಡುನಡುವೆ ಬೂದು ಬಣ್ಣದ ಕಾಗದ ನೋಡಿ ಕಣ್ಣಿಗೆ ಬಿಡುವು ಕೊಡಿ.

ನಿಮ್ಮ ಮೂರು ಉತ್ತರಗಳಿಂದ ಕಂಗೆಡಬೇಡಿ. ಗೈಡ್‌ನ 16 ಟ್ಯಾಬ್‌ಗಳನ್ನು ಅಕ್ಷರದ ಬದಲು ಹೊಳಪಿನ (ತಿಳಿಯಿಂದ ಗಾಢಕ್ಕೆ) ಕ್ರಮದಲ್ಲಿ ಜೋಡಿಸಿದರೆ ಬಿ1, ಎ1, ಬಿ2, ಡಿ2, ಎ2 ಎಂದು ಸಾಗುತ್ತದೆ. ನೀವು ಹೇಳಿದ ಮೂರೂ ನೆರೆಹೊರೆಯವೇ! ಕಣ್ಣನ್ನು ಅರೆ ಮುಚ್ಚಿ ಮೊದಲು ಹೊಳಪು ಹೊಂದಿಸಿ, ಬಣ್ಣದ ಛಾಯೆ ಆಮೇಲೆ.

ಕೊನೆಯ ತೀರ್ಪು ಮಾತ್ರ ಗೈಡ್‌ನದಲ್ಲ. ಅದು ಪಿಂಗಾಣಿ, ನೀವು ತುಂಬುವುದು ರೆಸಿನ್. ಎಚ್ಚಿಂಗ್, ಬಾಂಡಿಂಗ್ (ಹಲ್ಲಿಗೆ ಅಂಟಿಸುವ ಹಂತಗಳು) ಯಾವುದೂ ಇಲ್ಲದೆ, ಮುರಿದ ಜಾಗದ ಪಕ್ಕದಲ್ಲೇ ಎ1, ಎ2 ಕಾಂಪೋಸಿಟ್‌ನ ಚಿಕ್ಕ ಚಿಕ್ಕ ಉಂಡೆ ಇಟ್ಟು ಲೈಟ್ ಕ್ಯೂರ್ ಮಾಡಿ (ಬೆಳಕು ಬಿಟ್ಟು ಗಟ್ಟಿಗೊಳಿಸಿ). ಕ್ಯೂರ್ ಆದ ಮೇಲೆ ಬಣ್ಣ ಬದಲಾಗುವುದುಂಟು, ಹಸಿಯಾಗಿದ್ದಾಗ ನೋಡಿ ನಿರ್ಧರಿಸಬೇಡಿ. ಒದ್ದೆ ಮಾಡಿ ನೋಡಿ, ಹುಡುಗನಿಗೂ ಕನ್ನಡಿ ಕೊಡಿ. ಪ್ರೋಬ್‌ನಿಂದ ಮೀಟಿದರೆ ಉಂಡೆ ಕಳಚಿ ಬರುತ್ತದೆ. ಮೂಲೆ ಪೂರ್ತಿ ಹೋಗಿರುವುದರಿಂದ ಒಳಗೆ ಡೆಂಟಿನ್ ಶೇಡ್ (ಹಲ್ಲಿನ ಒಳಪದರದಂತೆ ಬೆಳಕನ್ನು ತಡೆಯುವ ಕಾಂಪೋಸಿಟ್) ಹಾಕಲೇಬೇಕು, ಇಲ್ಲದಿದ್ದರೆ ಬಾಯೊಳಗಿನ ಕತ್ತಲು ತೂರಿಬಂದು ಬೂದಾಗಿ ಕಾಣುತ್ತದೆ.

ಉತ್ತರ 2 (ದಂತ ಲ್ಯಾಬ್ ತಂತ್ರಜ್ಞ, ಸಾಗರ)

ಮುಂದೆ ಕ್ರೌನ್ (ಹಲ್ಲಿಗೆ ತೊಡಿಸುವ ಟೊಪ್ಪಿಗೆ) ಮಾಡಿಸುವಾಗ ಚೀಟಿಯಲ್ಲಿ ಬರೀ 'ಎ2' ಎಂದು ಬರೆದು ಕಳುಹಿಸಬೇಡಿ. ಒಸಡಿನ ಬಳಿ, ನಡುವೆ, ತುದಿಯಲ್ಲಿ ಯಾವ ಶೇಡ್ ಎಂದು ಚಿತ್ರ ಬರೆದು ತೋರಿಸಿ. ಟ್ಯಾಬ್ ಅನ್ನು ಹಲ್ಲಿನ ಸಮತಲದಲ್ಲೇ ಹಿಡಿದು, ಅದರ ಅಕ್ಷರ ಕಾಣುವಂತೆ ಫೋಟೋ ತೆಗೆಯಿರಿ. ರೋಗಿಯನ್ನು ಕಾಣದೆ ಕೆಲಸ ಮಾಡುವ ನಮಗೆ ಅಷ್ಟೇ ಆಧಾರ.

ವಿದ್ಯಾರ್ಥಿನಿ

ತುಂಬಾ ಧನ್ಯವಾದ ಮೇಡಂ, ಸರ್. ಕವಳ (ಎಲೆ-ಅಡಿಕೆ) ಹಾಕುವವರಾದರೆ?

ಶಿಕ್ಷಕಿ

ಮೊದಲು ಸ್ಕೇಲಿಂಗ್, ಪಾಲಿಶಿಂಗ್ ಮಾಡಿ ಕಲೆ ತೆಗೆಯಿರಿ. ಒಸಡು ಮಾಗಲು ಒಂದು ವಾರ ಬಿಟ್ಟು ಕರೆಸಿ, ಶೇಡ್ ಅಂದು ನೋಡಿ.