ಎಸ್‌ಡಿಎಸ್ ಹಾಕಿದರೆ ಡೋಪಮೈನ್ ಪೀಕ್ ಏರುವುದೇಕೆ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ):
ಪ್ರಾಜೆಕ್ಟ್‌ಗಾಗಿ ಮೆದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮೈನ್‌ನ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸಿ ಕರೆಂಟ್ ಅಳೆಯುವ ವಿಧಾನ) ಮಾಡುತ್ತಿದ್ದೇನೆ. ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಕಲಸಿ ನಾನೇ ತುಂಬಿದ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್. ಪಿಎಚ್ 7ರ ಸೋಡಿಯಂ ಫಾಸ್ಫೇಟ್ ಬಫರ್. 10 ಮಿಲಿಲೀಟರಿಗೆ 0.1 ಮೋಲಾರ್ ಎಸ್‌ಡಿಎಸ್ (ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಸೋಪಿನಂಥ ವಸ್ತು) 20 ಮೈಕ್ರೋಲೀಟರ್ ಹಾಕಿದೊಡನೆ ಪೀಕ್ (ಕರೆಂಟಿನ ಶಿಖರ) ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಸಿಟಿಎಬಿ ಎಂಬ ಇನ್ನೊಂದು ಸೋಪಿನಂಥ ವಸ್ತು ಹಾಕಿದಾಗ ಕುಗ್ಗಿತು. ಮೈಸೆಲ್‌ಗೆ (ಇಂಥ ವಸ್ತುವಿನ ಅಣುಗಳು ಒಟ್ಟುಗೂಡಿ ಕಟ್ಟುವ ಪುಟ್ಟ ಉಂಡೆಗೆ) ಅಂಟಿಕೊಂಡ ಅಣು ನಿಧಾನವಾಗಿ ಚಲಿಸುವುದರಿಂದ ಕರೆಂಟ್ ಇಳಿಯಬೇಕೆಂದು ಓದಿದ್ದೆ. ಮೂರು ದಿನ ಮತ್ತೆ ಮತ್ತೆ ಮಾಡಿದರೂ ಏರಿಕೆಯೇ. ಎಲ್ಲಿ ತಪ್ಪಿದೆ?

ಉತ್ತರ (ಸಂಶೋಧನಾ ವಿದ್ಯಾರ್ಥಿ):
ವಿದ್ಯುದಾವೇಶ ನೋಡಿ. ಪಿಎಚ್ 7ರಲ್ಲಿ ಡೋಪಮೈನ್ ಧನ ಆಯಾನು. ಎಸ್‌ಡಿಎಸ್ ಅಣುವಿನ ನೀರಿಗೆ ಒಲಿಯುವ ತಲೆ ಋಣ, ಸಿಟಿಎಬಿಯದು ಧನ. ಒಂದು ಸೆಳೆಯುತ್ತದೆ, ಇನ್ನೊಂದು ದೂಡುತ್ತದೆ.

ಉತ್ತರ (ನಿವೃತ್ತ ಅಧ್ಯಾಪಕ):
ಅವರು ಹೇಳಿದ್ದು ಸರಿ. ಆದರೆ ಅದಕ್ಕೂ ಮೊದಲಿನ ಲೆಕ್ಕವೊಂದು ಬಾಕಿ ಇದೆಯಮ್ಮ. ನೀವು ಹಾಕಿದ ಎಸ್‌ಡಿಎಸ್ ಕೊನೆಗೆ ಎಷ್ಟಾಯಿತು? 0.2 ಮಿಲಿಮೋಲಾರ್. ಬರಿಯ ನೀರಿನಲ್ಲಿ 25 ಡಿಗ್ರಿಯಲ್ಲಿ ಮೈಸೆಲ್ ಕಟ್ಟಲು ಸುಮಾರು 8 ಮಿಲಿಮೋಲಾರ್ ಬೇಕು, 0.1 ಮೋಲಾರ್ ಅಡಿಗೆ ಉಪ್ಪು ಬೆರೆತಿದ್ದರೂ ಒಂದೂವರೆ ಮಿಲಿಮೋಲಾರ್‌ನಷ್ಟು ಬೇಕು. ನಿಮ್ಮ ಸೆಲ್ಲಿನಲ್ಲಿ ಮೈಸೆಲ್ ಹುಟ್ಟಿಯೇ ಇಲ್ಲ! ಎಸ್‌ಡಿಎಸ್‌ನ ಎಣ್ಣೆಗೆ ಒಲಿಯುವ ಬಾಲಗಳು ಎಣ್ಣೆ ಹಿಡಿದ ಪೇಸ್ಟಿನ ಮೈಗೆ ಅಂಟಿ, ಋಣ ತಲೆಗಳು ಹೊರಕ್ಕೆ ಮುಖ ಮಾಡಿ ನಿಂತಿವೆ. ಡೋಪಮೈನ್ ಅಲ್ಲಿಗೆ ಬಂದು ಗುಂಪುಗೂಡುತ್ತದೆ. ನೀವು ಓದಿದ್ದೂ ಸುಳ್ಳಲ್ಲ, ಅದು ದ್ರಾವಣದಲ್ಲಿ ತೇಲುವ ಮೈಸೆಲ್‌ನ ಮಾತು. ಎಸ್‌ಡಿಎಸ್ ಅನ್ನು ಹಂತಹಂತವಾಗಿ 10 ಮಿಲಿಮೋಲಾರ್‌ವರೆಗೆ ಏರಿಸಿ. ಸ್ಕ್ಯಾನ್ ವೇಗವನ್ನೂ ಬದಲಿಸಿ: ಪೀಕ್ ಕರೆಂಟ್ ವೇಗದೊಂದಿಗೇ ನೇರವಾಗಿ ಏರಿದರೆ ಅಂಟಿಕೆ, ವೇಗದ ವರ್ಗಮೂಲದೊಂದಿಗೆ ಏರಿದರೆ ವಿಸರಣೆ. ನಿರೀಕ್ಷೆಗೆ ವಿರುದ್ಧ ಬಂದ ಪೀಕನ್ನು ಮರೆಮಾಚದೆ ಮೂರು ದಿನ ಅದರ ಹಿಂದೆ ಬಿದ್ದಿದ್ದೀರಲ್ಲ, ನನಗೆ ಬಹಳ ಸಂತೋಷವಾಯಿತು.

ಪ್ರಶ್ನೆ ಕೇಳಿದವರು:
ಸರ್, ಸೋಡಿಯಂ ಬಫರ್ ಮುಗಿದಿತ್ತೆಂದು ಪೊಟ್ಯಾಸಿಯಂ ಫಾಸ್ಫೇಟ್‌ನಲ್ಲಿ ಮಾಡಿದೆ. ಎಸ್‌ಡಿಎಸ್ ಬಿದ್ದ ಕೂಡಲೇ ಸೆಲ್ ಹಾಲಿನಂತಾಯಿತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಹೊಳೆಯುವ ಬಿಳಿ ಚೂರುಗಳು.

ಉತ್ತರ (ನಿವೃತ್ತ ಅಧ್ಯಾಪಕ):
ಅದು ಪೊಟ್ಯಾಸಿಯಂ ಡೋಡೆಸಿಲ್ ಸಲ್ಫೇಟ್. ಕೋಣೆಯ ಉಷ್ಣತೆಯಲ್ಲಿ ನೀರಿಗೆ ಸರಿಯಾಗಿ ಕರಗುವುದಿಲ್ಲ. ಎಸ್‌ಡಿಎಸ್ ಇರುವಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಕೂಡ ಬೇಡ. ಪೇಸ್ಟಿನ ಮೇಲ್ಪದರ ತೆಗೆದು, ಕಾಗದದ ಮೇಲೆ ತಿಕ್ಕಿ ನುಣುಪು ಮಾಡಿ, ಹೊಸ ಸೋಡಿಯಂ ಬಫರ್‌ನಲ್ಲಿ ಮತ್ತೆ ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಇಂದು ಸಂಜೆ ಸೋಡಿಯಂ ಬಫರ್‌ನಲ್ಲೇ ಮಾಡಿದೆ ಸರ್. ಮೊದಲು ಏರಿತು, ಆಮೇಲೆ ಹಾಗೆಯೇ ನಿಂತಿತು. 5 ಮಿಲಿಮೋಲಾರ್ ದಾಟಿದ ಮೇಲೆ ಪೀಕ್ ಇಳಿಯಲು ತೊಡಗಿದೆ.