ಸಹಾಯ ಬೇಕು: ಹತ್ತುವಾಗಲೂ ಹಾಕಿಕೊಳ್ಳಬಹುದಾದ ಹಗುರ ಸ್ಕೀ ಹೆಲ್ಮೆಟ್

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಈಗ ಇರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಮೂರು ವರ್ಷ ಲಿಫ್ಟ್ ಇರುವ ರಿಸಾರ್ಟ್‌ಗಳಲ್ಲೇ ಸ್ಕೀ ಮಾಡಿದೆ. ಈ ಚಳಿಗಾಲ ವಾಸಾಚ್ ಬೆಟ್ಟಗಳಲ್ಲಿ ಬ್ಯಾಕ್‌ಕಂಟ್ರಿ ಶುರು ಮಾಡಿದ್ದೇನೆ. ಅಲ್ಲಿ ಲಿಫ್ಟ್ ಇಲ್ಲ. ಸ್ಕೀ ತಳಕ್ಕೆ ಸ್ಕಿನ್ (ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ) ಅಂಟಿಸಿಕೊಂಡು ನಾವೇ ಹತ್ತಬೇಕು.

ತೊಂದರೆ ಇರುವುದು ಈ ಹತ್ತುವುದರಲ್ಲೇ. ನನ್ನ ಹಳೇ ಹೆಲ್ಮೆಟ್ 500 ಗ್ರಾಂ ಮೇಲಿದೆ, ಕಿವಿ ಪೂರ್ತಿ ಮುಚ್ಚುತ್ತದೆ. ಹತ್ತೇ ನಿಮಿಷಕ್ಕೆ ತಲೆ ಬೆವರಿ ಒದ್ದೆ. ಮೇಲೆ ಹೋಗಿ ನಿಂತರೆ ಅದೇ ಬೆವರು ಮಂಜುಗಡ್ಡೆ ಥರ ಕೊರೆಯುತ್ತದೆ. ಅದಕ್ಕೇ ಬ್ಯಾಗಿಗೆ ಕಟ್ಟಿಕೊಂಡು ಹತ್ತುತ್ತಿದ್ದೆ. ಹೋದ ವಾರ ಮೇಲಿದ್ದವರ ಕಾಲಡಿಯಿಂದ ಗಟ್ಟಿ ಹಿಮದ ಹೆಂಟೆಯೊಂದು ಉರುಳಿ ನನ್ನ ಪಕ್ಕದಲ್ಲೇ ಹೋಯಿತು. ಇನ್ನು ಬರಿತಲೆಯಲ್ಲಿ ಹತ್ತುವುದಿಲ್ಲ.

ಇಎನ್ 1077 ಸ್ಕೀ ಹೆಲ್ಮೆಟ್‌ಗಳ ಯುರೋಪಿನ ಮಾನದಂಡ. ಇಎನ್ 12492 ಪರ್ವತಾರೋಹಣದ್ದು, ಮೇಲಿಂದ ಬೀಳುವ ಕಲ್ಲಿನ ಪೆಟ್ಟನ್ನು ಮುಖ್ಯವಾಗಿ ನೋಡುತ್ತದೆ. ನಾನು ನೋಡಿರುವುದು ಎರಡು ಹೆಲ್ಮೆಟ್. ಪೆಟ್ಜಲ್ ಮೀಟಿಯೋರ್ ಸುಮಾರು 240 ಗ್ರಾಂ, ಗಾಳಿ ಚೆನ್ನಾಗಿ ಆಡುತ್ತದೆ, ಆದರೆ 1077 ಇಲ್ಲ. ಸಲೋಮನ್ ಎಂಟಿಎನ್ ಲ್ಯಾಬ್‌ಗೆ ಎರಡೂ ಇವೆ, ತೂಕ ಜಾಸ್ತಿ. ಇಳಿಯುವಾಗ ಮರಕ್ಕೆ ಗುದ್ದುವ ಭಯವೇ ನನಗೆ ಹೆಚ್ಚು. ಸುಮ್ನೆ ತೂಕ ಉಳಿಸಲು 1077 ಬಿಡುವುದು ಸರಿಯಲ್ಲ, ಅಲ್ವಾ?

ಇವನ್ನು ಬಳಸಿದವರು ದಯವಿಟ್ಟು ಹೇಳಿ. ಒಳಗೆ ತೆಳು ಟೋಪಿ ಹಾಕಿದರೂ ಸರಿಯಾಗಿ ಕೂರುತ್ತದೆಯಾ? ಹೆಡ್‌ಲ್ಯಾಂಪ್, ಗಾಗಲ್ಸ್ ಪಟ್ಟಿ ಜಾರದೆ ನಿಲ್ಲುತ್ತವೆಯಾ? ನನ್ನ ತಲೆ ಸುತ್ತಳತೆ 58 ಸೆಂ.ಮೀ. ಮುಂದಿನ ಶನಿವಾರ ಮತ್ತೆ ಹೊರಟಿದ್ದೇವೆ, ಅಷ್ಟರೊಳಗೆ ಕೊಳ್ಳಬೇಕು.